ಮಾಯೆಸ್ತ್ರೊನನ್ನು ಕೊಡವಿ ಬರುವ ದಾರಿ

ಸತ್ತವರ ಮನೆಯಿಂದ ಹೊರಟವರು ನೆಟ್ಟಗೆ ತಮ್ಮ ಮನೆಗೆ ಹೋಗಬಾರದು. ಹೋದರೆ ಸತ್ತವರೂ ಹಿಂದೆಯೇ ಬಂದು, ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ಕೂತುಬಿಡುತ್ತಾರೆ. ನಡುವೆ ಎಲ್ಲಾದರೂ ನಾಲ್ಕು ಜನ ಸೇರುವ ಕಡೆ ನಿಂತು, ಏನಾದರೂ ತಿಂದು ಕುಡಿದು, ಮೈಗಂಟಿದ ಸಾವನ್ನು ಆ ಗದ್ದಲದಲ್ಲಿ ಕೊಡವಿ ಬರಬೇಕು. ಪಗ್‌ಪಗ್ ಎಂದು ಇದಕ್ಕೆ ಹೆಸರು. ಅಮಿಹಾನ್‌ಗೆ ಇದನ್ನು ಯಾರೂ ಕೂರಿಸಿ ಕಲಿಸಿರಲಿಲ್ಲ; ಉಸಿರಾಡುವುದನ್ನು ಯಾರು ಕಲಿಸುತ್ತಾರೆ? ಅಜ್ಜಿಯ ಕತೆಗಳಲ್ಲಿ ಅದು ತಾನಾಗಿ ಬಂದಿತ್ತು. ಹಿಂದೆ ಯಾರೋ ಕರೆದರೆಂದು ತಿರುಗಿ ನೋಡಿದವನು, ನಿಲ್ಲದೆ ಮನೆಗೆ ಓಡಿದವಳು, ಅವರ ಒಲೆಯ ಮುಂದೆ ಬೆಳಗಾಗುವತನಕ ಮೈ ಕಾಯಿಸಿಕೊಂಡ ಹೆಣ.

ಆದರೆ ಕೊಡವಲು ಹೋದ ಜಾಗದಿಂದ ಹೊರಗೆ ಬರುವುದು ಹೇಗೆಂದು ಮಾತ್ರ ಯಾವ ಅಜ್ಜಿಯೂ ಹೇಳಿರಲಿಲ್ಲ.

ಕ್ರಿಸ್‌ಮಸ್ ಕಳೆದು ಹೊಸ ವರ್ಷ ಇನ್ನೂ ಬಾರದ ಆ ನಡುವಿನ ರಜಾದಿನಗಳು. ಅಂದು ಸಂಜೆ ಗಾನಿಯ ಮನೆಯವರು ಅಮಿಹಾನ್‌ಳನ್ನು, ಮನೆಯವರ ಬಾಯಲ್ಲಿ ಅಮಿಯನ್ನು, ಹೆಣ್ಣು ಕೇಳಲು ಬರುವುದಿತ್ತು. ಗಾನಿ ಹಡಗಿನವನು. ಹೊಸ ವರ್ಷ ಹುಟ್ಟುತ್ತಿದ್ದಂತೆ ಹೊರಟನೆಂದರೆ ಮುಂದಿನ ಕ್ರಿಸ್‌ಮಸ್ಸಿಗೇ ಮುಖ ತೋರಿಸುವವನು. ಹೆಣ್ಣು ಕೇಳುವ ಶಾಸ್ತ್ರ ಹೋದ ಸಲ ಚಂಡಮಾರುತದ ಪಾಲಾಗಿತ್ತು, ಅದರ ಹಿಂದಿನ ಸಲ ಗಾನಿಯ ತಾಯಿ ಪುರಿಂಗ್ ಕಂಡ ಕೆಟ್ಟ ಕನಸಿನ ಪಾಲಾಗಿತ್ತು. ಅಮಿಗೆ ಮೂವತ್ತೊಂದು ತುಂಬಿತ್ತು. ಈ ಸಂಜೆಯೂ ತಪ್ಪಿದರೆ ಇನ್ನೊಂದು ವರ್ಷ ಸಮುದ್ರದ ಪಾಲು.

ಹೀಗಿರುವಾಗ ಮಾಯೆಸ್ತ್ರೊ ಅಂದೊಯ್ ತೀರಿಕೊಂಡ. ಎರಡು ಮನೆಯವರೂ ಹಿಂದೆ ಇದ್ದ ಊರಿನ ಚರ್ಚಿನ ಬ್ಯಾಂಡಿನ ಮೇಷ್ಟ್ರು. ಅಮಿ, ಗಾನಿ ಇಬ್ಬರೂ ಹಲ್ಲು ಬೀಳುವ ವಯಸ್ಸಿನಿಂದ ಅವನ ಮುಂದೆ ಕೂತು ಕ್ಲಾರಿನೆಟ್ ಊದಿದವರು. ತಾಳ ತಪ್ಪಿದರೆ ಮಾಯೆಸ್ತ್ರೊ ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ‘ಚ್’ ಎಂದು ಒಮ್ಮೆ ನಾಲಿಗೆ ಲೊಚಗುಟ್ಟುತ್ತಿದ್ದ. ಅದು ಸಾಕಾಗುತ್ತಿತ್ತು.

ಸುದ್ದಿ ಬಂದ ಗಳಿಗೆಯಲ್ಲೇ ಪುರಿಂಗ್ ಫೋನ್ ಮಾಡಿ ಅಪ್ಪಣೆ ಕೊಡಿಸಿದ್ದಳು: “ಎರಡು ಮನೆಯವರೂ ಆ ಕಡೆ ತಲೆ ಹಾಕೋದು ಬೇಡ. ಮದುವೆ ಮಾತಾಡೋ ಬಾಯಲ್ಲಿ ಸಾವಿನ ಮನೆ ಕಾಫಿ ಕುಡೀಬಾರದು. ಶಾಸ್ತ್ರ ಮುಗೀಲಿ, ಆಮೇಲೆ ಸಮಾಧಿಗೆ ಹೂ ಇಟ್ರಾಯ್ತು.”

ಅಮಿಯ ತಾಯಿ ನೆನಾ “ಆಯ್ತು, ಆಯ್ತು” ಅಂದಳು. ಬಾಯಿ ಹೂಂ ಅಂದಿತು, ಕಾಲು ಕೇಳಲಿಲ್ಲ. ಗಂಡ ಸತ್ತ ವರ್ಷ ಮಗಳಿಗೆ ಪಾಠದ ಜೊತೆ ರಾತ್ರಿಯ ಊಟವನ್ನೂ ಹಾಕಿ ಕಳಿಸುತ್ತಿದ್ದವನನ್ನು ಕೊನೆಯ ಸಲ ನೋಡದೆ ಹೇಗಿರುವುದು? ಬೆಳಿಗ್ಗೆ ಹೋಗಿ ಮಧ್ಯಾಹ್ನಕ್ಕೆ ಬಂದುಬಿಡುವುದು, ಗಂಡಿನ ಕಡೆಯವರಿಗೆ ಸುಳಿವೇ ಸಿಗದಂತೆ. ನೆನಾಳ ಅಕ್ಕ ಚೊಲಿಂಗ್ ದೊಡ್ಡಮ್ಮ ಜೊತೆಗೆ ಬಂದಳು, ದೊಡ್ಡಪ್ಪ ಬರ್ತೊ ತನ್ನ ಜೀಪು ತಂದ. ಮನೆಯಲ್ಲಿ ನಸುಕಿಗೇ ಎದ್ದು ಮಾಡಿದ ನೂಡಲ್ಸು, ಹಂದಿಮಾಂಸದ ಸಾರು ಮುಚ್ಚಿಟ್ಟುಕೊಂಡು ಕಾಯುತ್ತಿದ್ದವು.

ಪಗ್‌ಪಗ್ ಅನ್ನೂ ಅವರು ಅಚ್ಚುಕಟ್ಟಾಗಿಯೇ ಮುಗಿಸಿದ್ದರು. ಹೆದ್ದಾರಿಯ ಪೆಟ್ರೋಲ್ ಬಂಕಿನಲ್ಲಿ ಇಳಿದು, ತಂಪು ಕುಡಿದು, ಕೈಕಾಲು ಒದರಿ, ಮತ್ತೆ ಜೀಪು ಹತ್ತಿ, ರಜೆಯ ಟ್ರಾಫಿಕ್ಕಿನಲ್ಲಿ ತೆವಳುತ್ತ ಸ್ವಲ್ಪ ದೂರ ಬಂದಿದ್ದರು ಕೂಡ. ಆಗ ದೊಡ್ಡಪ್ಪ ಒಂದು ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಇನ್ನೊಂದರಲ್ಲಿ ಜೇಬಿನಿಂದ ಹಸಿರು-ಬಿಳಿ ಕಾಗದದ ಪೆಪ್ಪರ್‌ಮಿಂಟು ತೆಗೆದು ಬಾಯಿಗೆ ಹಾಕಿಕೊಂಡ.

“ಅದೆಲ್ಲೀದು ರೀ?” ಚೊಲಿಂಗ್ ದೊಡ್ಡಮ್ಮನ ದನಿ ಏರಿತು.

“ಅಲ್ಲೇ. ಹೆಣದ ಪಕ್ಕ ತಟ್ಟೇಲಿಟ್ಟಿದ್ರಲ್ಲ.”

“ಸಾವಿನ ಮನೆ ತಿಂಡೀನ ಜೇಬಲ್ಲಿ ಹಾಕ್ಕೊಂಡು ಬಂದ್ರಾ? ದೇವರೇ! ಇಡೀ ಹೆಣಾನೇ ಮಡಚಿ ಜೇಬಿಗೆ ಹಾಕ್ಕೊಂಡು ಬರ್ಬೇಕಿತ್ತು, ಅದೊಂದ್ಯಾಕೆ ಬಿಟ್ರಿ?”

“ಎರಡೇ ಎರಡು ಕಣೆ. ಗಂಟಲು ಒಣಗಿತ್ತು.”

“ಉಗೀರಿ! ಹೊರಗೆ ಉಗೀರಿ! ಬಂಕಲ್ಲಿ ಕೊಡವಿದ್ದೆಲ್ಲ ನೀರಲ್ಲಿ ಹೋಯ್ತು. ಈಗ ಮತ್ತೆ ನಿಲ್ಲಿಸ್ಬೇಕು. ಈ ಸಲ ಜನ ಇರೋ ಕಡೆ, ಗಿಜಿಗಿಜಿ ಅನ್ನೋ ಕಡೆ.”

“ದೊಡ್ಡಮ್ಮಾ, ಸಂಜೆ ಆಗ್ತಿದೆ,” ಅಮಿ ಅಂದಳು. “ಅವರು ಬಂದು ಬಾಗಿಲು ಬಡೀತಾರೆ.”

“ಬಾಗಿಲು ತೆಗೆಯೋಕೆ ಅಂದೊಯ್ ಮುಂಚೇನೇ ಹೋಗಿ ಕೂತಿದ್ರೆ ಏನ್ಮಾಡ್ತೀಯೆ?”

ಈ ಗಲಾಟೆಯಲ್ಲಿ ದೊಡ್ಡಪ್ಪ ದಾರಿ ತಪ್ಪಿದ. ಮುಂದೆ ಸಾಲುಗಟ್ಟಿ ಹೋಗುತ್ತಿದ್ದ ವಾಹನಗಳ ಹಿಂದೆ ಅವನೂ ಹೊರಳಿದ. ಅದು ಹೊರಳಿದವರನ್ನು ವಾಪಸ್ ಬಿಡದ ದಾರಿ. ಎರಡೂ ಬದಿಗೆ ಬೇಲಿ, ಹಿಂದೆ ಹಾರ್ನು. ದಾರಿಯ ಕೊನೆಯಲ್ಲಿ ಬಣ್ಣದ ದೀಪಗಳ ಕಮಾನು, ಕಮಾನಿನ ಮೇಲೆ ಥರ್ಮಾಕೋಲಿನ ಹಿಮ, ಅದರ ಹಿಂದೆ ಆಕಾಶಕ್ಕೆ ಆತುಕೊಂಡ ದೊಡ್ಡ ತೊಟ್ಟಿಲು ಚಕ್ರ. ನೋಡಿದರೆ ಸೂರ್ಯಬಾಗ್ ಮನರಂಜನಾ ಉದ್ಯಾನ.

“ನೋಡಿದ್ಯಾ,” ದೊಡ್ಡಮ್ಮ ಎದೆಯ ಮೇಲೆ ಶಿಲುಬೆ ಗೀಚಿಕೊಂಡಳು. “ದೇವರೇ ತಂದು ನಿಲ್ಲಿಸಿದ.”

ಅಮಿ ಚಕ್ರವನ್ನು ನೋಡಿದಳು. ಚಿಕ್ಕವಳಿದ್ದಾಗ ಪ್ರತಿ ಕ್ರಿಸ್‌ಮಸ್ಸಿಗೂ ಅಜ್ಜಿಯ ಊರಿಗೆ ಹೋಗುವ ಬಸ್ಸಿನ ಕಿಟಕಿಯಲ್ಲಿ ಇದು ಕಾಣುತ್ತಿತ್ತು. ಅದೊಂದು ರಾಕ್ಷಸನ ರಾಟೆ, ರಾತ್ರಿಯ ನೂಲನ್ನೆಲ್ಲ ಅದರಲ್ಲೇ ತೆಗೆಯುತ್ತಾನೆ ಎಂದು ಅಜ್ಜಿ ಹೇಳಿದ್ದಳು. “ಮುಂದಿನ ಕ್ರಿಸ್‌ಮಸ್ಸಿಗೆ ಹತ್ತಿಸ್ತೀನಿ ಮಗಾ,” ಎಂದು ಅಪ್ಪ ಅನ್ನುತ್ತಿದ್ದ. ಅಪ್ಪ ಹೋದ, ಅಜ್ಜಿ ಹೋದಳು. ಬೆಳೆದು, ದುಡಿದು, ಬೇಕೆಂದಾಗ ಬರುವಷ್ಟಾದ ಮೇಲೂ ಅಮಿ ಬಂದಿರಲಿಲ್ಲ. ಒಮ್ಮೆ ಗಾನಿಯ ಜೊತೆ ಬರಬೇಕು, ತುದಿಯಲ್ಲಿ ತೊಟ್ಟಿಲು ನಿಂತಾಗ ಕೆಳಗೆ ಸರೋವರ ನೋಡಬೇಕು ಎಂದು ಆ ದಿನವನ್ನು ಹೊಸ ಬಟ್ಟೆಯಂತೆ ಮಡಿಸಿ ಎತ್ತಿಟ್ಟಿದ್ದಳು. ಈಗ ಬಂದಿದ್ದಾಳೆ, ಸಾವಿನ ಮನೆಯ ಬಿಳಿ ಬಟ್ಟೆಯಲ್ಲಿ, ಪೆಪ್ಪರ್‌ಮಿಂಟಿನ ದೆಸೆಯಿಂದ.

“ಇಲ್ಲೇ ಜೀಪು ನಿಲ್ಲಿಸೋ ಕಡೆ ಎರಡು ನಿಮಿಷ ನಿಂತು ಹೋಗೋಣ,” ಎಂದಳು.

“ಅದು ರಸ್ತೆ ಲೆಕ್ಕ. ಗೇಟು ದಾಟ್ಬೇಕು. ಗೇಟಲ್ಲೇ ಸತ್ತವರು ಕಕ್ಕಾಬಿಕ್ಕಿ ಆಗೋದು. ಅವರ ಹತ್ರ ಟಿಕೆಟ್ ಎಲ್ಲಿರುತ್ತೆ?”

ಅಮಿಯೇ ಸಾಲಿನಲ್ಲಿ ನಿಂತಳು, ಅಮಿಯೇ ಟಿಕೆಟ್ ಕೊಂಡಳು. ಸಾಲು ಆಮೆಯ ಹಾಗೆ ಹರಿಯುತ್ತಿತ್ತು. ಎಲ್ಲರೂ ಒಂದೇ ಬಗೆಯ ಕೆಂಪು ಅಂಗಿ ಹಾಕಿದ್ದ ಯಾವುದೋ ಕುಟುಂಬ, “ಇವರೂ ನಮ್ಮೋರೇ, ಇವರೂ ನಮ್ಮೋರೇ” ಅನ್ನುತ್ತ ಅವಳ ಮುಂದೆ ಬೆಳೆಯುತ್ತಲೇ ಹೋಯಿತು. ಗೇಟಿನಲ್ಲಿ ನಗುವುದೇ ಕೆಲಸವಾಗಿದ್ದ ಹುಡುಗಿಯೊಬ್ಬಳು ನಾಲ್ವರ ತಲೆಗೂ ಜಿಂಕೆಕೊಂಬಿನ ಪಟ್ಟಿ ಸಿಕ್ಕಿಸಿ, “ಹ್ಯಾಪಿ ಹಾಲಿಡೇಸ್” ಅಂದಳು. ಕಪ್ಪು ಶೋಕದ ಗೌನಿನ ಮೇಲೆ ಕೊಂಬು ಹೊತ್ತು ದೊಡ್ಡಮ್ಮ ಗಂಭೀರವಾಗಿ ಒಳನಡೆದಳು.

“ಆಯ್ತಲ್ಲ. ದಾಟಿದ್ವಿ. ವಾಪಸ್ ಹೋಗೋಣ,” ಎಂದಳು ಅಮಿ.

“ಏನಾದ್ರೂ ತಿನ್ನದೆ?”

ಸುಟ್ಟ ಜೋಳದ ಮುಂದೆ ಇನ್ನೊಂದು ಸಾಲು. ಅದು ಮುಗಿಯುವಷ್ಟರಲ್ಲಿ ಅಮ್ಮನಿಗೆ ಶೌಚಾಲಯಕ್ಕೆ ಅವಸರ, ಅಲ್ಲಿ ಮತ್ತೊಂದು ಸಾಲು. ಕೆಲಸ ಮುಗಿಸಿ ಬಂದರೆ ದೊಡ್ಡಪ್ಪ ಹಿಮಕರಡಿಯ ಬೊಂಬೆಗೆ ಒರಗಿ ನಿದ್ದೆ ಹೋಗಿದ್ದಾನೆ, ಅವನಿಂದ ಜೀಪಿನ ಕೀ ಇಸಿದುಕೊಂಡಿದ್ದ ದೊಡ್ಡಮ್ಮ ನಾಪತ್ತೆ. ಎಲ್ಲೆಲ್ಲೂ ಧ್ವನಿವರ್ಧಕದಲ್ಲಿ ಬೀಳದ ಹಿಮದ ಹಾಡು. ಆಟಿಕೆ ಸಿಪಾಯಿಗಳ ವೇಷದ ಬ್ಯಾಂಡೊಂದು ಕಾರಂಜಿಯ ಬಳಿ ಕ್ಯಾರಲ್ ಬಾರಿಸುತ್ತಿತ್ತು. ದೊಡ್ಡ ಡ್ರಮ್ಮಿನವನ ಪೆಟ್ಟು ಪ್ರತಿ ಸಲವೂ ಅರೆಗಳಿಗೆ ತಡವಾಗಿ ಬೀಳುತ್ತಿತ್ತು. ಉಗುರಿನ ಸಂದಿಯ ಮುಳ್ಳಿನ ಹಾಗೆ ಅದು ಅಮಿಯನ್ನು ಚುಚ್ಚಿತು. ಅವಳ ಬೆರಳುಗಳು ಇಲ್ಲದ ಕ್ಲಾರಿನೆಟ್ಟಿನ ಮೇಲೆ ತಾವಾಗಿ ಆಡಿದವು.

ಫೋನ್ ಮಿಡಿಯಿತು. ಗಾನಿಯ ಸಂದೇಶ: ಹೊರಟಿದ್ದೇವೆ. ಟ್ರಾಫಿಕ್ ಇದೆ. ಸ್ವಲ್ಪ ತಡ.

ತಡವೆಂದರೆ ಎಷ್ಟು? ಎಲ್ಲಿದ್ದಾರೆ? ಕೇಳಿದರೆ ‘ನೀವೆಲ್ಲಿ’ ಎಂಬ ಪ್ರಶ್ನೆ ಬರುತ್ತದೆ. ‘ಮನೆಯಲ್ಲಿ ಕಾಯ್ತಿದ್ದೇವೆ’ ಎಂದು ಹೊಡೆದು ಕಳಿಸಿದಳು. ಪ್ರೀತಿಸಿದ ಎಂಟು ವರ್ಷದಲ್ಲಿ ಅವನಿಗೆ ಹೇಳಿದ ಮೊದಲ ಸುಳ್ಳು. ಕೊಂಬು ಹೊತ್ತುಕೊಂಡು ಹೇಳಿದ್ದಳು.

ದೊಡ್ಡಮ್ಮ ಕೊನೆಗೂ ಸಿಕ್ಕಿದ್ದು ತೊಟ್ಟಿಲು ಚಕ್ರದ ಸಾಲಿನ ಮುಂತುದಿಯಲ್ಲಿ.

“ಬಾರೆ ಬಾರೆ, ನಿನಗೂ ಜಾಗ ಹಿಡಿದಿದೀನಿ!”

“ದೊಡ್ಡಮ್ಮಾ, ದಮ್ಮಯ್ಯ ಅಂತೀನಿ. ಸಾಲು ಬಿಟ್ಟು ಬಾ. ಹೋಗ್ಬೇಕು.”

“ಟಿಕೆಟ್ ತಗೊಂಡು ಒಂದೂ ಹತ್ತದೆ ಹೋಗೋದಾ? ಒಂದು ಸುತ್ತು. ಎತ್ತರಕ್ಕೆ ಹೋದ್ರೆ ಇನ್ನೂ ಒಳ್ಳೇದು. ಗಾಳೀಲಿ ಎಲ್ಲ ಹಾರಿಹೋಗುತ್ತೆ.”

“ಜೀಪಿನ ಕೀ ಕೊಟ್ಟುಬಿಡು ಹಾಗಾದ್ರೆ.”

“ನಿಮ್ಮ ದೊಡ್ಡಪ್ಪ ನಿದ್ದೆಗಣ್ಣಲ್ಲಿ ಓಡಿಸ್ತಾರೇನೆ? ಕೀ ನನ್ನ ಗೌನಿನ ಒಳಗಿದೆ. ಬೇಕಾದ್ರೆ ಹತ್ತು.”

ತೊಟ್ಟಿಲ ಬಾಗಿಲು ತೆರೆಯಿತು. ಹಿಂದಿನವರು ನೂಕಿದರು. ಬಾಗಿಲು ಮುಚ್ಚಿತು. ಬಾಲ್ಯವಿಡೀ ಕನಸಿದ ತೊಟ್ಟಿಲಿಗೆ ಅಮಿಹಾನ್ ಏರಿದ್ದು ಹೀಗೆ, ಅಳುವ ಮುಖ ಮಾಡಿಕೊಂಡು, ಜೋಳ ಸಿಗಿಯುವ ದೊಡ್ಡಮ್ಮನ ಎದುರು.

ನೆಲ ಕೆಳಗಿಳಿಯಿತು. ತಣ್ಣನೆಯ ಗಾಳಿ ಬೀಸಿತು. ಡಿಸೆಂಬರಿನಲ್ಲಿ ಬಡಗಣದಿಂದ ಬರುವ ಈ ಗಾಳಿಯ ಹೆಸರನ್ನೇ ಅಪ್ಪ ಅವಳಿಗೆ ಇಟ್ಟಿದ್ದ. ಸರೋವರ ಕಂಡಿತು, ತವರದ ತಟ್ಟೆಯ ಹಾಗೆ ಮಂಕಾಗಿ. ಆಮೇಲೆ ಹೆದ್ದಾರಿ ಕಂಡಿತು. ಉದ್ದಕ್ಕೂ ಕೆಂಪು ದೀಪಗಳು, ಒಂದೂ ಅಲುಗುತ್ತಿಲ್ಲ. ಅವಳ ಮನೆ ಆ ಕೆಂಪು ದಾರದ ಆ ತುದಿಯಲ್ಲೆಲ್ಲೋ ಇತ್ತು, ತಣ್ಣಗಾಗುತ್ತಿದ್ದ ಸಾರಿನ ಜೊತೆ.

ತುದಿಗೆ ಬಂದಾಗ ಚಕ್ರ ನಿಂತಿತು.

“ಇದ್ಯಾಕೆ ನಿಂತೋಯ್ತು?” ಜೋಳ ಕೆಳಗಿಟ್ಟು ದೊಡ್ಡಮ್ಮ ಜಪಮಾಲೆ ತೆಗೆದಳು. “ಅಂದೊಯ್, ನೀನೇನಾ? ಇಳಿಸಪ್ಪಾ. ನಿನ್ನ ಪೆಪ್ಪರ್‌ಮಿಂಟು ನಾನು ತಿಂದಿಲ್ಲ, ಮರಿಯಮ್ಮನಾಣೆ.”

ಅಮಿಗೆ ತಡೆಯಲಾಗಲಿಲ್ಲ. ಗಾನಿಗೆ ಕರೆ ಮಾಡಿದಳು.

“ಎಲ್ಲಿದೀಯ?”

“ಟ್ರಾಫಿಕ್ ಕಣೆ,” ಗಾನಿಯ ದನಿ ಅವಸರವಾಗಿತ್ತು. “ಗಾಡಿ ಒಂದಿಂಚೂ ಹೋಗ್ತಿಲ್ಲ. ನೀನು?”

“ಮನೇಲಿ. ಸಾರು ಬಿಸಿ ಮಾಡ್ತಿದೀನಿ.”

“ಹೂಂ. ಏನೋ ಗದ್ದಲ ಕೇಳಿಸ್ತಿದೆ?”

“ಪಕ್ಕದ್ಮನೆಯೋರ ಟೀವಿ.”

ಫೋನಿನ ಆ ಬದಿಯಿಂದ ತುತ್ತೂರಿಯ ಕ್ಯಾರಲ್ ಬಂತು. ಯಾವ ಊರಿನ ಟ್ರಾಫಿಕ್ಕಿನಲ್ಲಾದರೂ ಡಿಸೆಂಬರಿನಲ್ಲಿ ಕ್ಯಾರಲ್ ಇದ್ದೇ ಇರುತ್ತದೆ, ಅದರಲ್ಲೇನೂ ಇಲ್ಲ. ಆದರೆ ಅದರ ಬಾಲಕ್ಕೆ, ಅರೆಗಳಿಗೆ ತಡವಾಗಿ, ಧಪ್ ಎಂದು ಒಂದು ಪೆಟ್ಟು ಬಿತ್ತು. ಕೆಳಗಿನಿಂದ ಗಾಳಿಯಲ್ಲೂ ಅದೇ ಪೆಟ್ಟು ಏರಿ ಬಂತು.

“ಗಾನಿ,” ಅಮಿ ಮೆಲ್ಲಗೆ ಅಂದಳು, “ನಿನ್ನ ಟ್ರಾಫಿಕ್ಕಲ್ಲಿ ಡ್ರಮ್ಮು ಯಾಕೆ ತಡವಾಗಿ ಬೀಳ್ತಿದೆ?”

“ನಿನ್ನ ಪಕ್ಕದ್ಮನೆ ಟೀವೀಲಿ ಯಾಕೆ ಬೀಳ್ತಿದೆಯೋ, ಅದಕ್ಕೇ.”

ಅಮಿ ತೊಟ್ಟಿಲ ಕಂಬಿಗೆ ಹಣೆ ಒತ್ತಿ ಕೆಳಗೆ ನೋಡಿದಳು. ಕಾರಂಜಿಯ ಪಕ್ಕದ ಬೆಂಚಿನ ಬಳಿ ಫೋನು ಕಿವಿಗಿಟ್ಟುಕೊಂಡು ಮೇಲೆ ಕೆಳಗೆ ಹುಡುಕುತ್ತಿದ್ದವನು ಗಾನಿಯೇ. ಬೆಂಚಿನ ಮೇಲೆ ಅವನ ಅಪ್ಪ ಸಿಲ್ಯೊ. ಅವನ ಪಕ್ಕದಲ್ಲಿ, ಕಪ್ಪು ಗೌನು, ತಲೆಯ ಮೇಲೆ ಜಿಂಕೆಕೊಂಬು, ಕೈಯಲ್ಲಿ ಸುಟ್ಟ ಜೋಳ, ಪುರಿಂಗ್.

“ನೀವೂ ಮಾಯೆಸ್ತ್ರೊ ಮನೆಗೆ ಹೋಗಿದ್ರಾ?”

“ಮಧ್ಯಾಹ್ನ. ಅಮ್ಮಂಗೆ ತಡೆಯೋಕಾಗಲಿಲ್ಲ. ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡಿದ್ಳು.”

ಚಕ್ರ ತಿರುಗಿತು. ಅಮಿಗೆ ನಗು ಬರಬೇಕಿತ್ತು, ಬರಲಿಲ್ಲ. ಬೆಳಗಿನಿಂದ ಹೊತ್ತ ಭಯವೆಲ್ಲ ಯಾರಿಗಾಗಿ? ಅಪ್ಪಣೆ ಕೊಡಿಸಿದವಳೇ ಜೋಳ ತಿನ್ನುತ್ತ ಕೂತಿದ್ದಾಳೆ.

ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಹೊರಬಾಗಿಲು ಕಾರಂಜಿಯನ್ನು ದಾಟಿಯೇ. ಅಮ್ಮನನ್ನೂ ದೊಡ್ಡಪ್ಪನನ್ನೂ ಕೂಡಿಸಿಕೊಂಡು ಬರುವಾಗ ಎರಡು ಕುಟುಂಬಗಳು ಮುಖಾಮುಖಿಯಾದವು. ಎಲ್ಲರ ಮೈಮೇಲೂ ಸಾವಿನ ಮನೆಯ ಬಟ್ಟೆ, ಎಲ್ಲರ ತಲೆಯ ಮೇಲೂ ಕೊಂಬು.

“ಅರೆ! ನೆನಾ!” ಪುರಿಂಗ್ ಜೋಳವನ್ನು ಬೆನ್ನ ಹಿಂದೆ ಸರಿಸಿದಳು. “ನಾವು... ಹಿಮ ನೋಡೋಣ ಅಂತ. ನಿಮ್ಮನೆಗೆ ಬರೋ ದಾರೀಲಿ. ಇವತ್ತು ಹಿಮ ಬೀಳಿಸ್ತಾರಂತಲ್ಲ.”

“ನಾವೂ ಹಿಮಕ್ಕೇ,” ಅಮ್ಮ ಕೂಡಲೇ ಅಂದಳು. “ಮಗು ಚಿಕ್ಕೋಳಿದ್ದಾಗಿಂದ ಆಸೆ ಪಟ್ಟಿದ್ಳು.”

‘ಮಗು’ ಹಲ್ಲು ಕಚ್ಚಿ ನಿಂತಿತು.

“ಬಿಳಿ ಬಟ್ಟೆ ಹಾಕ್ಕೊಂಡಿದೀರಿ,” ಎಂದಳು ಪುರಿಂಗ್.

“ಹಿಮಕ್ಕೆ ಒಪ್ಪುತ್ತೆ ಅಂತ. ನೀವು ಕಪ್ಪು...”

“ಕೊಳೆ ಕಾಣಲ್ಲ ನೋಡಿ.”

ನಾಚಿಕೆ ಅವರ ನಡುವೆ ಎಂಟನೆಯವರ ಹಾಗೆ ನಿಂತಿತ್ತು. ಅದನ್ನು ಓಡಿಸಲೆಂದು, ವರ್ಷಕ್ಕೊಮ್ಮೆ ಬಾಯಿ ಬಿಡುವ ಸಿಲ್ಯೊ ನಕ್ಕು, ಜೇಬಿಗೆ ಕೈ ಹಾಕಿ, “ತಗೊಳ್ಳಿ, ಬಾಯಿ ಸಿಹಿ ಮಾಡ್ಕೊಳ್ಳಿ” ಎಂದು ಅಂಗೈ ಚಾಚಿದ.

ಅಂಗೈ ಮೇಲೆ ಹಸಿರು-ಬಿಳಿ ಕಾಗದದ ಪೆಪ್ಪರ್‌ಮಿಂಟು.

ದೊಡ್ಡಪ್ಪ ಬರ್ತೊ ಬಹಳ ದಿನ ಕಾಣದ ನೆಂಟನನ್ನು ಕಂಡವನಂತೆ ಅರಳಿದ. “ನೋಡ್ದೇನೆ ಚೊಲಿಂಗ್? ನಾನೊಬ್ನೇ ಅಲ್ಲ!”

“ಬಾಯಿ ಮುಚ್ರೀ!” ಎಂದು ಎರಡು ಕಡೆಯಿಂದಲೂ ಒಟ್ಟಿಗೆ ಬಂತು. ಚೊಲಿಂಗ್ ತನ್ನ ಗಂಡನಿಗೆ ಹೇಳಿದ್ದು, ಪುರಿಂಗ್ ತನ್ನ ಗಂಡನಿಗೆ.

ಪುರಿಂಗಳ ಮುಖ ಕಪ್ಪಿಟ್ಟಿತು. “ಮುಗೀತು ಬಿಡಿ. ಇಷ್ಟು ಹೊತ್ತು ಕೊಡವಿದ್ದು ದಂಡ. ನಿಮ್ಮ ಕಡೆಯೂ, ನಮ್ಮ ಕಡೆಯೂ. ಅವರು ಇಲ್ಲೇ ಎಲ್ಲೋ ನಿಂತಿದಾರೆ ಈಗ.” ಅವಳು ಕೊಂಬು ತೆಗೆದು ಬೆಂಚಿನ ಮೇಲಿಟ್ಟಳು. “ಇಂಥಾ ದಿನ ಮದುವೆ ಮಾತು ಬೇಡ ನೆನಾ. ಕೆಟ್ಟದಾಗುತ್ತೆ. ಮುಂದಿನ ವರ್ಷ ಗಾನಿ ಬಂದ್ಮೇಲೆ ನೋಡೋಣ.”

ಅಮ್ಮ ತಲೆ ತಗ್ಗಿಸಿದಳು. “ನೀವು ಹೇಳಿದ ಹಾಗೆ.”

ಚಂಡಮಾರುತ, ಕನಸು, ಈಗ ಪೆಪ್ಪರ್‌ಮಿಂಟು. ಅಮಿಯೊಳಗೆ ಬೆಳಗಿನಿಂದ ಸಾಲಿನಲ್ಲಿ ನಿಂತಿದ್ದದ್ದೆಲ್ಲ ಒಮ್ಮೆಗೇ ಮುಂದೆ ನುಗ್ಗಿತು.

“ನಿಂತಿರ್ಲಿ!” ಎಂದಳು. ಪಕ್ಕದ ಕೆಂಪಂಗಿಯ ಕುಟುಂಬವೆಲ್ಲ ತಿರುಗಿ ನೋಡಿತು. “ಮಾಯೆಸ್ತ್ರೊ ಇಲ್ಲಿದ್ರೆ ಇರ್ಲಿ! ಬೆಳಗಿಂದ ಎಲ್ರೂ ಅವರನ್ನ ಚಪ್ಪಲಿಗಂಟಿದ ಕೆಸರಿನ ಹಾಗೆ ಕೊಡವ್ತಾನೇ ಇದೀರಿ. ನನ್ನನ್ನೂ ಇವನನ್ನೂ ಒಂದೇ ಸ್ಟ್ಯಾಂಡಿನ ಮುಂದೆ ಕೂರಿಸಿದ್ದು ಯಾರು? ಇವನು ಹಡಗಿಗೆ ಹೋದಾಗ, ಬರ್ತಾನೆ, ಅಭ್ಯಾಸ ಬಿಡ್ಬೇಡ ಅಂದಿದ್ದು ಯಾರು? ಅವರು ಕೇಳಿಸ್ಕೊಳ್ಳದ ಮದುವೆ ಮಾತನ್ನ ಇನ್ಯಾರಿಗೆ ಕೇಳಿಸ್ಬೇಕು ಅಂತಿದೀರಿ? ಕೇಳೋದಿದ್ರೆ ಇಲ್ಲೇ ಕೇಳಿ. ಅವರ ಮುಂದೇನೇ ಕೇಳಿ. ಇಲ್ಲಾಂದ್ರೆ ಇನ್ನೊಂದು ಸಾಲಲ್ಲಿ ನಿಲ್ಲೋ ಶಕ್ತಿ ನನಗಿಲ್ಲ.”

“ಏ, ಹಿರಿಯರ ಮುಂದೆ...” ಅಮ್ಮ ತೋಳು ಜಗ್ಗಿದಳು.

ಪುರಿಂಗ್ ಅಮಿಯನ್ನು ದಿಟ್ಟಿಸಿದಳು. “ನಾನು ಹೋದಾಗ,” ಎಂದಳು ಬೇರೆಯದೇ ದನಿಯಲ್ಲಿ, “ಬ್ಯಾಂಡು ನಡೆಸೋ ಕೋಲನ್ನ ಅವರ ಕೈಯಲ್ಲಿಟ್ಟಿದ್ರು. ಎಡಗೈಯಲ್ಲಿ. ಬಲಗೈಯಲ್ಲಿಡ್ರೋ ಅಂತ ಬೈದು ಬಂದೆ.”

“ಬೆಳಿಗ್ಗೆ ನಾನೂ ಬೈದೆ,” ಎಂದಳು ನೆನಾ. “ಮತ್ತೆ ಎಡಗೈಗೇ ಇಟ್ರಾ?”

ಇಬ್ಬರು ತಾಯಂದಿರೂ ಮೂಗು ಒರೆಸಿಕೊಂಡರು. ಪುರಿಂಗ್ ಕೊಂಬನ್ನು ಮತ್ತೆ ತಲೆಗೇರಿಸಿ, ಗೌನು ನೀವಿ, ನೆಟ್ಟಗೆ ನಿಂತಳು. ಶಾಸ್ತ್ರಕ್ಕೆಂದು ತಂದು ವ್ಯಾನಿನಲ್ಲೇ ಉಳಿದ ಅಕ್ಕಿಕಡುಬಿನ ಬುಟ್ಟಿಗೆ ಬದಲಾಗಿ ಸಿಲ್ಯೊ ಹೆಂಡತಿಯ ಜೋಳವನ್ನೇ ಎರಡು ಕೈಯಲ್ಲಿ ಹಿಡಿದ.

“ನೆನಾ,” ಪುರಿಂಗ್ ಶಾಸ್ತ್ರದ ದನಿ ತೆಗೆದಳು, “ನಿಮ್ಮ ಮನೆಯ ಮೆಟ್ಟಿಲು ಹತ್ತಿ ಬಂದಿದೀವಿ ಅಂತ ತಿಳ್ಕೊಳ್ಳಿ. ನಿಮ್ಮ ತೋಟದಲ್ಲಿ ಒಂದು ಹೂವಿದೆ ಅಂತ ನಮ್ಮ ಹುಡುಗ...”

ಅಷ್ಟರಲ್ಲಿ ಕಾರಂಜಿಯ ಸುತ್ತಲಿನ ಕೊಳವೆಗಳು ಭುಸ್ಸೆಂದವು. ಮಕ್ಕಳು ಕಿರುಚಿದರು. ಸಾಬೂನು ನೊರೆಯ ಹಿಮ ಧಪಧಪನೆ ಎಲ್ಲರ ಮೇಲೆ, ಕೊಂಬಿನ ಮೇಲೆ, ಜೋಳದ ಮೇಲೆ, ಪುರಿಂಗಳ ತೆರೆದ ಬಾಯಿಯೊಳಕ್ಕೆ ಬಿತ್ತು.

“ನಮ್ಮ ಹುಡ್... ಥೂ! ನಮ್ಮ...”

“ಏನಂದ್ರಿ? ಕೇಳಿಸ್ತಿಲ್ಲ!” ಅಮ್ಮ ಕೂಗಿದಳು.

“ಹೂವು! ಹೂವು ಅಂದೆ!”

“ಹೌದು!” ಅಮಿ ಅರಚಿದಳು. ಹೆಣ್ಣು ತಾನಾಗಿ ಉತ್ತರ ಕೊಡುವುದು ಯಾವ ಶಾಸ್ತ್ರದಲ್ಲೂ ಇರಲಿಲ್ಲ. “ಹೌದು, ಒಪ್ಪಿದೀನಿ, ಆಯ್ತು! ಈಗ ಎಲ್ರೂ ಮನೆಗೆ ಹೋಗೋಣ!”

ಗಾನಿ ಕಣ್ಣಿನ ನೊರೆ ಒರೆಸಿಕೊಂಡು ಅವಳನ್ನು ನೋಡಿ ನಕ್ಕ. ಅವಳು ನಗಲಿಲ್ಲ. ಕಣ್ಣು ಉರಿಯುತ್ತಿತ್ತು, ಕಾಲು ಸೋತಿತ್ತು. ಎತ್ತಿಟ್ಟ ಹೊಸ ಬಟ್ಟೆಯನ್ನು ಇವರೆಲ್ಲ ಸೇರಿ ಒದ್ದೆ ಮಾಡಿ ಮುದ್ದೆ ಮಾಡಿದ್ದರು. ಆದರೂ ಅವನು ಚಾಚಿದ ಕೈಯನ್ನು ಹಿಡಿದಳು. ಜಾರುವಷ್ಟು ಸಾಬೂನು.

ಏಳೂ ಜನ ಹೊರಬಾಗಿಲಿನ ಸಾಲು ಸೇರಿದರು.

“ದಾರೀಲಿ ಒಂದು ಬೇಕರಿ ಹತ್ರ ನಿಲ್ಸಿ,” ದೊಡ್ಡಮ್ಮ ಪುರಿಂಗಳಿಗೆ ಹೇಳುತ್ತಿದ್ದಳು, “ಎರಡು ಗಾಡೀನೂ. ಐದೇ ನಿಮಿಷ. ಯಾವುದಕ್ಕೂ ಇರ್ಲಿ.”

“ನಾನೂ ಅದನ್ನೇ ಹೇಳೋಳಿದ್ದೆ,” ಎಂದಳು ಪುರಿಂಗ್.

ಅಮಿ ಕಣ್ಣು ಮುಚ್ಚಿದಳು. ಹಿಂದೆ ಬ್ಯಾಂಡು ಹಿಮದಲ್ಲಿ ನೆನೆಯುತ್ತಲೇ ಇನ್ನೊಂದು ಕ್ಯಾರಲ್ ಎತ್ತಿಕೊಂಡಿತು. ಧಪ್ ಎಂದು ಡ್ರಮ್ಮಿನ ಪೆಟ್ಟು ಮತ್ತೆ ಅರೆಗಳಿಗೆ ತಡವಾಗಿ ಬಿತ್ತು, ಬಿದ್ದ ಕೂಡಲೇ ಅವಳ ಭುಜದ ಹಿಂದೆ ಯಾರೋ ‘ಚ್’ ಎಂದರು.

ಗಾನಿಯ ಬೆರಳು ಅವಳ ಬೆರಳನ್ನು ಬಿಗಿಯಾಗಿ ಹಿಡಿಯಿತು. ಇಬ್ಬರೂ ತಿರುಗಿ ನೋಡಲಿಲ್ಲ. ಸಾಲು ಒಂದು ಹೆಜ್ಜೆ ಮುಂದೆ ಹೋಯಿತು.